ತಿರುವಿನಲ್ಲಿ ಕಣ್ಣು ಎಲ್ಲಿರಬೇಕು? ಗೋವಾದಿಂದ ಘಟ್ಟ ಹತ್ತುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಗೋವಾದಲ್ಲಿ ನೆಲೆಸಿದ ಕನ್ನಡಿಗರಿಗೆ ಊರಿಗೆ ಹೋಗುವುದೆಂದರೆ ಘಟ್ಟ ಹತ್ತುವುದು. ಪೊಂಡಾ, ವಾಸ್ಕೋ ಕಡೆಯವರು ಮೊಲೆಮ್ ದಾಟಿ ಅನಮೋಡ ಘಾಟಿನಿಂದ ರಾಮನಗರಕ್ಕೆ ಏರುತ್ತಾರೆ. ಪಣಜಿ, ಮಾಪುಸಾ, ಸಾಖಳಿ ಕಡೆಯವರು ಚೋರ್ಲಾ ಘಾಟ್ ಹತ್ತಿ ಕಣಕುಂಬಿ, ಜಾಂಬೋಟಿಯ ಮೇಲೆ ಬೆಳಗಾವಿ ಸೇರುತ್ತಾರೆ. ಕಾರವಾರಕ್ಕೆ ಹೊರಟ ಮಡಗಾಂವದವರಿಗೆ ಕಾಣಕೋಣಕ್ಕೆ ಮೊದಲು ಕರಮಲ ಘಾಟ್ ಇದ್ದೇ ಇದೆ. ಹೊಸದಾಗಿ ಕಾರು ಕೊಂಡು ಮೊದಲ ಸಲ ಘಟ್ಟ ಹತ್ತಲು ಹೊರಡುವವರ ಪಕ್ಕದ ಸೀಟಿನಲ್ಲಿ ನಾನು ಅನೇಕ ವರ್ಷಗಳಿಂದ ಕೂರುತ್ತ ಬಂದಿದ್ದೇನೆ. ಗೇರು, ಬ್ರೇಕು, ಹಾರ್ನುಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಕಣ್ಣಿನ ಬಗ್ಗೆ ಕೇಳುವವರು ಕಡಿಮೆ. ಆದರೆ ಒಮ್ಮೆ ಕೇಳಲು ತೊಡಗಿದವರು ಬಿಡದೆ ಕೇಳುತ್ತಾರೆ. ಅಂಥ ಪ್ರಶ್ನೆಗಳನ್ನು ಇಲ್ಲಿ ಉತ್ತರದೊಂದಿಗೆ ಕೊಟ್ಟಿದ್ದೇನೆ.

ನುರಿತ ಚಾಲಕರು ತಿರುವಿನಲ್ಲಿ ನಿಜವಾಗಿ ಎಲ್ಲಿ ನೋಡುತ್ತಾರೆ?

ಅವರನ್ನೇ ಕೇಳಿದರೆ ಹೆಚ್ಚಿನವರು "ರಸ್ತೆ ನೋಡ್ತೀವಿ" ಎನ್ನುತ್ತಾರೆ. ಸುಳ್ಳಲ್ಲ, ಆದರೆ ಅದರಿಂದ ಕಲಿಯುವವರಿಗೆ ಏನೂ ಸಿಗುವುದಿಲ್ಲ. ಕಣ್ಣಿನ ಚಲನೆಯನ್ನು ದಾಖಲಿಸುವ ಪುಟ್ಟ ಕ್ಯಾಮೆರಾವನ್ನು ಚಾಲಕರ ತಲೆಗೆ ಕಟ್ಟಿ ಈ ಪ್ರಶ್ನೆಯನ್ನು ನೇರವಾಗಿ ಪರೀಕ್ಷಿಸಿದವರಲ್ಲಿ ಬ್ರಿಟನ್ನಿನ ಮೈಕಲ್ ಲ್ಯಾಂಡ್ ಮತ್ತು ಡೇವಿಡ್ ಲೀ ಮುಖ್ಯರು. ಎಡಿನ್‌ಬರೋ ನಗರದ ಆರ್ಥರ್ಸ್ ಸೀಟ್ ಎಂಬ ಗುಡ್ಡವನ್ನು ಸುತ್ತುವ, ತಿರುವುಗಳೇ ತುಂಬಿದ ಏಕಮುಖ ರಸ್ತೆಯಲ್ಲಿ ನಡೆಸಿದ ಈ ಪ್ರಯೋಗವನ್ನು ಅವರು 1994ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ತಿರುವು ಬರುವುದಕ್ಕೆ ಒಂದೆರಡು ಸೆಕೆಂಡು ಮೊದಲೇ ಚಾಲಕರ ನೋಟ ತಿರುವಿನ ಒಳ ಅಂಚಿನ ಒಂದು ನಿರ್ದಿಷ್ಟ ಜಾಗಕ್ಕೆ ಹೋಗುತ್ತಿತ್ತು, ತಿರುವಿನುದ್ದಕ್ಕೂ ಮತ್ತೆ ಮತ್ತೆ ಅಲ್ಲಿಗೇ ಮರಳುತ್ತಿತ್ತು. ಕಣ್ಣು ಎತ್ತ ಹೊರಳುತ್ತಿತ್ತೋ ಸ್ಟೇರಿಂಗ್ ಕೂಡ, ಒಂದು ಸೆಕೆಂಡಿಗಿಂತ ತುಸು ಕಡಿಮೆ ಅವಧಿಯ ನಂತರ, ಅತ್ತಲೇ ಹೊರಳುತ್ತಿತ್ತು. ಆ ಜಾಗಕ್ಕೆ ಸ್ಪರ್ಶಬಿಂದು ಎನ್ನುತ್ತಾರೆ.

ಸ್ಪರ್ಶಬಿಂದುವನ್ನು ರಸ್ತೆಯ ಮೇಲೆ ಗುರುತಿಸುವುದು ಹೇಗೆ?

ಎಡ ತಿರುವೊಂದನ್ನು ಕಲ್ಪಿಸಿಕೊಳ್ಳಿ. ರಸ್ತೆಯ ಎಡ ಅಂಚು ನಿಮ್ಮ ಚಕ್ರದ ಪಕ್ಕದಿಂದ ಹೊರಟು ಮುಂದೆ ಹೋಗುತ್ತ, ನೋಡುವವರ ಕಣ್ಣಿಗೆ ಮೊದಲು ಬಲಕ್ಕೆ ಸರಿದಂತೆ ಕಂಡು, ಒಂದು ಕಡೆ ಹೊಟ್ಟೆ ಉಬ್ಬಿದಂತೆ ಬಾಗಿ, ಅಲ್ಲಿಂದಾಚೆ ಎಡಕ್ಕೆ ಹೊರಳುತ್ತದೆ. ಆ ಉಬ್ಬಿನ ತುದಿಯೇ ಸ್ಪರ್ಶಬಿಂದು. ಪ್ರೌಢಶಾಲೆಯ ಗಣಿತ ನೆನಪಿರುವವರಿಗೆ ಹೇಳುವುದಾದರೆ, ನಿಮ್ಮ ಕಣ್ಣಿನಿಂದ ಒಳ ಅಂಚಿನ ವೃತ್ತಕ್ಕೆ ಎಳೆದ ಸ್ಪರ್ಶಕವು ವೃತ್ತವನ್ನು ಮುಟ್ಟುವ ಜಾಗ ಅದು. ರಸ್ತೆಯ ಮೇಲೆ ಅಲ್ಲೊಂದು ಕಲ್ಲಾಗಲಿ ಗುರುತಾಗಲಿ ಇರುವುದಿಲ್ಲ. ನೀವು ಮುಂದೆ ಸಾಗಿದಂತೆ ಅದೂ ಅಂಚಿನ ಗುಂಟ ಮುಂದೆ ಸರಿಯುತ್ತದೆ. ತಿರುವಿನ ಬಾಗು ಒಂದೇ ಸಮನಾಗಿದ್ದು ನೀವು ನಿಮ್ಮ ಪಥದಲ್ಲೇ ಇದ್ದರೆ ಅದು ಮುಂದಿನ ಗಾಜಿನ ಮೇಲೆ ಒಂದೇ ಕಡೆ ಅಂಟಿ ನಿಂತಂತೆ ಕಾಣುತ್ತದೆ. ಗಿಡ, ಕಲ್ಲು, ಡಾಂಬರು ಎಲ್ಲವೂ ಹಿಂದಕ್ಕೆ ಓಡುತ್ತಿರುವಾಗ ನಿಂತಂತೆ ಕಾಣುವ ಒಂದು ಜಾಗ ಸಿಕ್ಕಿದರೆ ಕಣ್ಣಿಗೆ ಅದು ದೊಡ್ಡ ಅನುಕೂಲ.

ಅದನ್ನು ನೋಡಿದ ಮಾತ್ರಕ್ಕೆ ಎಷ್ಟು ತಿರುಗಿಸಬೇಕೆಂದು ಕೈಗೆ ಹೇಗೆ ಗೊತ್ತಾಗುತ್ತದೆ?

ನೇರ ಮುಂದಿನ ದಿಕ್ಕಿಗೂ ಸ್ಪರ್ಶಬಿಂದುವಿನ ದಿಕ್ಕಿಗೂ ನಡುವಿನ ಕೋನದಲ್ಲಿ ತಿರುವಿನ ಬಿಗಿ ಅಡಗಿದೆ. ಒಳ ಅಂಚು ನಿಮ್ಮ ಕಣ್ಣಿನಿಂದ ಅಡ್ಡಲಾಗಿ 2 ಮೀಟರ್ ದೂರದಲ್ಲಿದೆ ಎಂದುಕೊಳ್ಳೋಣ. ಒಳ ಅಂಚಿನ ಮೇಲಿನ ಬಿಂದುವಿಗೆ ಲೆಕ್ಕ ಹಾಕಿದರೆ, ನೀವು ಸಾಗುವ ದಾರಿಯ ತ್ರಿಜ್ಯ 100 ಮೀಟರ್ ಇರುವ ಸಡಿಲ ತಿರುವಿನಲ್ಲಿ ಈ ಕೋನ ಸುಮಾರು 11 ಡಿಗ್ರಿ, 50 ಮೀಟರಿನ ತಿರುವಿನಲ್ಲಿ ಸುಮಾರು 16 ಡಿಗ್ರಿ, 25 ಮೀಟರಿನ ಬಿಗಿ ತಿರುವಿನಲ್ಲಿ ಸುಮಾರು 23 ಡಿಗ್ರಿ. ಮಿದುಳು ಡಿಗ್ರಿ ಎಣಿಸುವುದಿಲ್ಲ. ನೋಟವನ್ನು ಅಲ್ಲಿ ಹಿಡಿಯಲು ಕಣ್ಣು ಮತ್ತು ಕತ್ತು ಎಷ್ಟು ಹೊರಳಬೇಕಾಯಿತೆಂಬುದು ಅದಕ್ಕೆ ಗೊತ್ತಿರುತ್ತದೆ, ಕೈಗೆ ಅಷ್ಟು ಸಾಕಾಗುತ್ತದೆ.

ಅದೇ ಲೆಕ್ಕದಿಂದ ಇನ್ನೊಂದು ಸಂಗತಿಯೂ ಹೊರಬೀಳುತ್ತದೆ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಸ್ಪರ್ಶಬಿಂದು ಇರುವುದು ನಿಮ್ಮಿಂದ ಕೇವಲ 14 ಮೀಟರ್ ಮುಂದೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಆ ದೂರವನ್ನು ಕ್ರಮಿಸಲು ಸುಮಾರು 1.7 ಸೆಕೆಂಡು ಬೇಕು, 60ರ ವೇಗದಲ್ಲಿ ಸಿಗುವುದು ಸುಮಾರು 0.8 ಸೆಕೆಂಡು ಮಾತ್ರ. ಕಣ್ಣು ಕಂಡದ್ದು ಕೈಗೆ ತಲುಪಲು ಬೇಕಾಗುವ ಕಾಲವೂ ಹೆಚ್ಚುಕಡಿಮೆ ಅಷ್ಟೇ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಘಟ್ಟದಲ್ಲಿ ವೇಗ ಹೆಚ್ಚಿದೊಡನೆ ಸ್ಟೇರಿಂಗ್ ಯಾಕೆ ತಡವಾದಂತೆ ಅನಿಸುತ್ತದೆ ಎಂಬುದು ಅರ್ಥವಾಗುತ್ತದೆ. ಆಗ ಸ್ಪರ್ಶಬಿಂದುವಿನ ಆಚೆಗೂ ನೋಟ ಹಾಯಬೇಕು, ಇಲ್ಲವೆ ವೇಗ ಇಳಿಯಬೇಕು. ನನ್ನ ಮಟ್ಟಿಗೆ ಎರಡನೆಯದೇ ಸರಿ.

ಎಡ ತಿರುವಿಗೂ ಬಲ ತಿರುವಿಗೂ ವ್ಯತ್ಯಾಸವಿದೆಯೆ?

ಇದೆ, ಮತ್ತು ಇದನ್ನು ಯಾರೂ ಹೇಳಿಕೊಡುವುದಿಲ್ಲ. ನಾವು ಎಡಗಡೆ ಓಡಿಸುತ್ತೇವೆ, ಕಾರಿನ ಬಲಗಡೆ ಕೂರುತ್ತೇವೆ. ಮೂರೂವರೆ ಮೀಟರ್ ಅಗಲದ ಪಥದಲ್ಲಿ ಕಾರು ನಡುವೆ ಇದ್ದರೆ ಎಡ ಅಂಚು ಕಣ್ಣಿನಿಂದ 2 ಮೀಟರಿಗಿಂತ ತುಸು ಹೆಚ್ಚು ದೂರ, ರಸ್ತೆಯ ನಡುಗೆರೆಯಾದರೋ ಸುಮಾರು 1.3 ಮೀಟರ್ ಮಾತ್ರ. ಹೀಗಾಗಿ ಬಲ ತಿರುವಿನಲ್ಲಿ ನಡುಗೆರೆಯ ಮೇಲಿನ ಸ್ಪರ್ಶಬಿಂದು ಇನ್ನಷ್ಟು ಹತ್ತಿರಕ್ಕೆ, 50 ಮೀಟರ್ ತ್ರಿಜ್ಯಕ್ಕೆ ಸುಮಾರು 11 ಮೀಟರಿಗೆ ಬಂದುಬಿಡುತ್ತದೆ. ಅದೇ ತಿರುವಿನಲ್ಲಿ ಎದುರಿನ ಪಥದಾಚೆಗಿರುವ ಬಲ ಅಂಚನ್ನು ನೋಡಿದರೆ ಅಲ್ಲಿನ ಬಿಂದು 20 ಮೀಟರಿಗೂ ದೂರದಲ್ಲಿರುತ್ತದೆ. ನಡುಗೆರೆ ಅಳಿಸಿಹೋದ ರಸ್ತೆಯಲ್ಲಿ ಚಾಲಕನ ಕಣ್ಣು ತಾನಾಗಿಯೇ ಆ ದೂರದ ಬಲ ಅಂಚಿಗೆ ಹೋಗುತ್ತದೆ, ಕಾರೂ ಮೆಲ್ಲಗೆ ಎದುರಿನವರ ಪಾಲಿನ ರಸ್ತೆಗೆ ಜಾರುತ್ತದೆ. ಚೋರ್ಲಾದಲ್ಲಿ ಬಲ ತಿರುವಿನ ನಡುವೆ ಎದುರುಗಡೆಯ ಲಾರಿ ದಿಢೀರನೆ ಮೈಮೇಲೆ ಬಂದಂತಾಯಿತು ಎಂದು ಹೇಳಿದ ಅನೇಕರನ್ನು ವಿಚಾರಿಸಿದ್ದೇನೆ. ಲಾರಿ ತನ್ನ ಪಥದಲ್ಲೇ ಇತ್ತು.

ಬಲ ತಿರುವಿನಲ್ಲಿ ಇನ್ನೊಂದು ತೊಡಕು ಮುಂದಿನ ಗಾಜಿನ ಬಲಗಡೆಯ ಕಂಬದ್ದು. ಈಗಿನ ಕಾರುಗಳಲ್ಲಿ ಅದು ದಪ್ಪವಾಗಿದೆ. ಬಿಗಿ ತಿರುವಿನಲ್ಲಿ ನೀವು ನೋಡಬೇಕಾದ ಜಾಗ ಸರಿಯಾಗಿ ಅದರ ಹಿಂದೆಯೇ ಬೀಳುತ್ತದೆ, ಒಂದಿಡೀ ಬೈಕನ್ನು ಅದು ಮರೆಮಾಡಬಲ್ಲದು. ತಲೆಯನ್ನು ಒಂದು ಗೇಣು ಮುಂದಕ್ಕೋ ಪಕ್ಕಕ್ಕೋ ಸರಿಸಿ ನೋಡುವುದನ್ನು ರೂಢಿ ಮಾಡಿಕೊಳ್ಳಬೇಕು.

ಅಂಚನ್ನೇ ನೋಡಿಕೊಂಡು ಹೋಗದಿದ್ದರೆ ಚಕ್ರ ಗಟಾರಕ್ಕೆ ಇಳಿಯುವುದಿಲ್ಲವೆ?

ಇದು ಹೊಸಬರ ಅತಿ ದೊಡ್ಡ ಅಂಜಿಕೆ. ನನ್ನ ತಮ್ಮನ ಮಗಳು ಪೊಂಡಾದಲ್ಲಿ ಡ್ರೈವಿಂಗ್ ಕಲಿತವಳು. ಕಲಿಸಿದವರು ಬಾನೆಟ್ಟಿನ ಎಡ ಮೂಲೆಯನ್ನು ರಸ್ತೆಯ ಅಂಚಿಗೆ ಹೊಂದಿಸಿಕೊಂಡು ಹೋಗು ಎಂದು ಹೇಳಿಕೊಟ್ಟಿದ್ದರು. ಪೇಟೆಯ ಓಣಿಗಳಲ್ಲಿ ಅದು ನಡೆಯಿತು. ಅನಮೋಡದ ಮೊದಲ ನಾಲ್ಕು ತಿರುವುಗಳಲ್ಲಿ ಕಾರು ಮಾತ್ರ ಕುಂಟುವ ಎತ್ತಿನಂತೆ ಸಾಗಿತು. ತುಸು ಎಡಕ್ಕೆ, ಗಾಬರಿಯಿಂದ ಬಲಕ್ಕೆ, ಮತ್ತೆ ಎಡಕ್ಕೆ. ಅವಳ ಗದ್ದ ಸ್ಟೇರಿಂಗಿನ ಮೇಲೆ ಬಂದಿತ್ತು, ಕಣ್ಣು ಬಾನೆಟ್ಟಿನಿಂದ ಐದಾರು ಮೀಟರ್ ಆಚೆಗೆ ಹೋಗುತ್ತಿರಲಿಲ್ಲ. "ಕಾಕಾ, ಅಂಚು ನೋಡ್ಲಿಲ್ಲಂದ್ರ ಗಟಾರಕ್ಕ ಬೀಳ್ತೇವಲ್ಲ?" ಎಂದಳು. "ನೀ ಮುಂದ ನೋಡವ್ವಾ, ಅಂಚು ತಾನಾ ಕಾಣಿಸ್ತದ" ಎಂದೆ. ಐದನೆಯ ತಿರುವಿಗೆ ಅವಳು ನಂಬಲಿಲ್ಲ. ಏಳನೆಯದಕ್ಕೋ ಎಂಟನೆಯದಕ್ಕೋ ಗದ್ದ ಮೇಲೆದ್ದಿತು, ಸ್ಟೇರಿಂಗ್ ಒಂದೇ ಎಳೆತಕ್ಕೆ ತಿರುಗಿ ಹಾಗೇ ನಿಂತಿತು.

ಅಂಚು 'ತಾನಾಗಿ' ಕಾಣುವುದಕ್ಕೆ ಕಾರಣ ಕಣ್ಣಿನ ರಚನೆಯಲ್ಲಿದೆ. ನಾವು ಸ್ಪಷ್ಟವಾಗಿ ಕಾಣುವ ಪ್ರದೇಶ ಬಹಳ ಚಿಕ್ಕದು, ಕೈ ಚಾಚಿ ಹಿಡಿದ ಹೆಬ್ಬೆರಳಿನ ಅಗಲದಷ್ಟು, ಸುಮಾರು 2 ಡಿಗ್ರಿ. ಉಳಿದುದೆಲ್ಲ ಮಸುಕು. ಆದರೆ ಪಕ್ಕದಲ್ಲಿ ಒಂದು ಬಿಳಿ ಗೆರೆ ಹತ್ತಿರವಾಗುತ್ತಿದೆಯೋ ದೂರವಾಗುತ್ತಿದೆಯೋ ಎಂದು ತಿಳಿಯಲು ಮಸುಕು ನೋಟವೇ ಸಾಕು. 1995ರಲ್ಲಿ ಲ್ಯಾಂಡ್ ಮತ್ತು ಜೂಲಿಯಾ ಹಾರ್ವುಡ್ ಅವರು ಕೃತಕ ಚಾಲನಾ ಯಂತ್ರದಲ್ಲಿ ರಸ್ತೆಯನ್ನೆಲ್ಲ ಮುಚ್ಚಿ ಅದರ ಒಂದೊಂದು ಪಟ್ಟಿಯನ್ನು ಮಾತ್ರ ತೋರಿಸಿ ಇದನ್ನು ಪರಿಶೀಲಿಸಿದರು. ದೂರದ ಪಟ್ಟಿ ಮಾತ್ರ ಕಂಡಾಗ ಚಾಲಕರು ತಿರುವಿನ ಬಾಗಿಗೆ ತಕ್ಕಂತೆ ನಯವಾಗಿ ತಿರುಗಿಸಿದರು, ಆದರೆ ಪಥದೊಳಗಿನ ತಮ್ಮ ಜಾಗವನ್ನು ಸರಿಯಾಗಿ ಕಾಯ್ದುಕೊಳ್ಳಲಾಗಲಿಲ್ಲ. ಹತ್ತಿರದ ಪಟ್ಟಿ ಮಾತ್ರ ಕಂಡಾಗ ಜಾಗ ಕಾಯ್ದುಕೊಂಡರು, ಆದರೆ ಚಾಲನೆ ಜಗ್ಗಾಟವಾಯಿತು. ಎರಡೂ ಕಂಡಾಗ ಇಡೀ ರಸ್ತೆ ಕಂಡಷ್ಟೇ ಚೆನ್ನಾಗಿ ಓಡಿಸಿದರು. ದೂರದ್ದು ನೇರ ನೋಟಕ್ಕೆ, ಹತ್ತಿರದ್ದು ಕಣ್ಣಂಚಿಗೆ ಎಂಬುದು ನುರಿತವರ ಹಂಚಿಕೆ. ನನ್ನ ತಮ್ಮನ ಮಗಳು ಕಲಿತುಬಂದಿದ್ದ ಪಾಠದಲ್ಲಿ ಹತ್ತಿರದ ಪಟ್ಟಿ ಮಾತ್ರ ಇತ್ತು.

ಹೊಸಬರೆಲ್ಲರೂ ಹೀಗೆ ಹತ್ತಿರವೇ ನೋಡುತ್ತಾರೆಯೆ?

ಬಹುಮಟ್ಟಿಗೆ ಹೌದು. ಅಮೆರಿಕದ ಮೌರಾಂಟ್ ಮತ್ತು ರಾಕ್‌ವೆಲ್ 1972ರಲ್ಲೇ ಹೊಸ ಚಾಲಕರು ಅನುಭವಿಗಳಿಗಿಂತ ವಾಹನಕ್ಕೆ ಹತ್ತಿರ ನೋಡುತ್ತಾರೆ, ಕನ್ನಡಿ ನೋಡುವುದೂ ಕಡಿಮೆ ಎಂದು ದಾಖಲಿಸಿದ್ದರು. ಇದು ದಡ್ಡತನವಲ್ಲ. ಕಣ್ಣಂಚಿನಿಂದ ಪಥ ಕಾಯುವ ಕೌಶಲ ಬರುವುದಕ್ಕೆ ಕಿಲೋಮೀಟರುಗಳು ಬೇಕು, ಅಲ್ಲಿಯವರೆಗೆ ನೇರ ನೋಟವೇ ಆ ಕೆಲಸವನ್ನೂ ಮಾಡಬೇಕಾಗುತ್ತದೆ.

ಮಳೆಗಾಲದ ಮಂಜಿನಲ್ಲಿ ಏನು ಮಾಡಬೇಕು?

ಜೂನಿನಿಂದ ಸೆಪ್ಟೆಂಬರಿನವರೆಗೆ ಚೋರ್ಲಾದ ನೆತ್ತಿಯಲ್ಲಿ ಹಗಲು ಹೊತ್ತಿನಲ್ಲೂ ಹತ್ತು ಹದಿನೈದು ಮೀಟರ್ ಆಚೆಗೆ ಏನೂ ಕಾಣದ ಗಳಿಗೆಗಳಿರುತ್ತವೆ. ಆಗ ನೀವು ಹಾರ್ವುಡ್ ಮತ್ತು ಲ್ಯಾಂಡ್ ಅವರ ಯಂತ್ರದೊಳಗೆ, ಹತ್ತಿರದ ಪಟ್ಟಿ ಮಾತ್ರ ತೆರೆದಿರುವ ಸ್ಥಿತಿಯಲ್ಲೇ ಕುಳಿತಿದ್ದೀರಿ. ಎಷ್ಟೇ ಅನುಭವಿಯಾದರೂ ಸ್ಟೇರಿಂಗ್ ಜಗ್ಗಾಡುತ್ತದೆ. ಇದು ನಿಮ್ಮ ಕೈಯ ದೋಷವಲ್ಲ, ಮಾಹಿತಿಯೇ ಅಷ್ಟು. ಹತ್ತಿರದ ಅಂಚನ್ನು ನಂಬಿ ಓಡಿಸಬಹುದಾದ ವೇಗ ನಡಿಗೆಗಿಂತ ತುಸು ಹೆಚ್ಚು ಇರಬಹುದು, ಅಷ್ಟೆ. ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ಕಣ್ಣಿಗೇ ಮರಳುತ್ತದೆ. ಮುಂದಿನ ವಾಹನದ ಕೆಂಪು ದೀಪದ ಬೆನ್ನು ಹತ್ತುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಆಗ ನೀವು ನೋಡುತ್ತಿರುವುದು ರಸ್ತೆಯನ್ನಲ್ಲ, ಇನ್ನೊಬ್ಬರ ಊಹೆಯನ್ನು.

ರಾತ್ರಿ?

ಸಾಮಾನ್ಯ ಹೆಡ್‌ಲೈಟು ಕಾರಿನ ಮೂಗು ಎತ್ತ ಇದೆಯೋ ಅತ್ತಲೇ ಬೆಳಕು ಚೆಲ್ಲುತ್ತದೆ. ತಿರುವಿನಲ್ಲಿ ಮೂಗಿನ ನೇರಕ್ಕೆ ಇರುವುದು ಹೊರ ಅಂಚು, ಅಂದರೆ ತಡೆಗೋಡೆ ಅಥವಾ ಕಣಿವೆ. ನೋಡಬೇಕಾದ ಒಳ ಅಂಚು ಕತ್ತಲಲ್ಲಿರುತ್ತದೆ, ಬೆಳಗಿದ ಜಾಗ ಕಣ್ಣನ್ನು ಹೊರಕ್ಕೆ ಎಳೆಯುತ್ತದೆ. ಆದ್ದರಿಂದಲೇ ಹೊರ ಅಂಚಿನಲ್ಲಿ ಬಾಣದ ಗುರುತಿನ ಹಲಗೆಗಳನ್ನು, ಗೆರೆಯ ಮೇಲೆ ಮಿನುಗುವ ಕ್ಯಾಟ್ಸ್ ಐಗಳನ್ನು ನೆಡುತ್ತಾರೆ. ಸಾಲಾಗಿ ಕಾಣುವ ಆ ಮಿನುಗುಗಳು ತಿರುವಿನ ಆಕಾರವನ್ನು ದೂರದಿಂದಲೇ ಹೇಳುತ್ತವೆ. ಎದುರಿನ ಬೆಳಕು ಕಣ್ಣು ಕುಕ್ಕಿದರೆ ನೋಟವನ್ನು ಎಡ ಅಂಚಿಗೆ ಇಳಿಸಿ, ಕಾಲನ್ನು ಬ್ರೇಕಿಗೆ ತನ್ನಿ.

ಹೇರ್‌ಪಿನ್ ತಿರುವಿಗೂ ಇದೇ ವಿಧಾನವೆ?

ಅಲ್ಲ. ಹೇರ್‌ಪಿನ್ ತಿರುವಿನಲ್ಲಿ ಸ್ಪರ್ಶಬಿಂದು ಮೂಗಿನ ಕೆಳಗೇ ಇದ್ದಂತಾಗಿ ಉಪಯೋಗಕ್ಕೆ ಬಾರದು. ಅಲ್ಲಿ ಪಕ್ಕದ ಕಿಟಕಿಯ ಮೂಲಕ ತಿರುವಿನ ಆಚೆ ತುದಿಯನ್ನು, ಮೇಲಿನ ಮಜಲಿನ ರಸ್ತೆಯನ್ನು ಮೊದಲೇ ಒಮ್ಮೆ ನೋಡಿಕೊಂಡು, ಎದುರಿನಿಂದ ಬಸ್ಸು ಇಳಿಯುತ್ತಿದ್ದರೆ ಅದಕ್ಕೆ ಜಾಗ ಬಿಟ್ಟು ನಿಲ್ಲಬೇಕು. ಇಂಥ ಮುನ್ನೋಟಗಳು ಕ್ಷಣಕಾಲದವು. ಹೋದ ಕಣ್ಣು ಕೂಡಲೇ ರಸ್ತೆಗೆ ಮರಳುತ್ತದೆ. ಫಿನ್ಲೆಂಡಿನ ಸಂಶೋಧಕರು ಇವನ್ನು ವಿಶೇಷವಾಗಿ ಅಧ್ಯಯನ ಮಾಡಿದ್ದಾರೆ.

ಘಟ್ಟದ ರಸ್ತೆಯಲ್ಲಿ ಮುನ್ನೋಟಕ್ಕೆ ಎಲ್ಲ ತಿರುವುಗಳೂ ಸಮಾನವಾಗಿ ಅವಕಾಶ ಕೊಡುವುದಿಲ್ಲ. ರಸ್ತೆ ಗುಡ್ಡದ ಮೂಗನ್ನು ಬಳಸಿ ಹೋಗುವಲ್ಲಿ ತಿರುವಿನ ಒಳಗಡೆ ಗುಡ್ಡವೇ ನಿಂತಿರುತ್ತದೆ, ಏನೂ ಕಾಣದು. ಗುಡ್ಡದ ಮಡಿಲೊಳಗೆ, ಹಳ್ಳ ಹರಿಯುವಲ್ಲಿ ಹೊಕ್ಕು ಹೊರಬರುವ ತಿರುವಿನಲ್ಲಿ ಒಳಗಡೆ ಕಣಿವೆಯ ಬಯಲಿರುತ್ತದೆ, ಆಚೆ ದಂಡೆಯ ರಸ್ತೆಯೂ ಅದರ ಮೇಲೆ ಬರುತ್ತಿರುವ ಟೆಂಪೊವೂ ಕಾಣುತ್ತವೆ. ಹಳೆಯ ಲಾರಿ ಚಾಲಕರು ಈ ಮಡಿಲಿನ ತಿರುವುಗಳಲ್ಲೇ ಮುಂದಿನ ಮೂಗಿನ ಲೆಕ್ಕವನ್ನೂ ಮುಗಿಸಿಕೊಂಡಿರುತ್ತಾರೆ.

ತಿರುವು ಮುಂದೆ ಇನ್ನೂ ಬಿಗಿಯಾಗುತ್ತದೆಯೆಂದು ಮೊದಲೇ ತಿಳಿಯಬಹುದೆ?

ರಸ್ತೆಯ ಎಡ ಅಂಚು ಮತ್ತು ಬಲ ಅಂಚು ಒಂದನ್ನೊಂದು ಸೇರಿದಂತೆ ಕಾಣುವ ಜಾಗವನ್ನು ಗಮನಿಸಿ. ಅದರಾಚೆಗೆ ರಸ್ತೆ ಕಾಣುವುದಿಲ್ಲ. ಬ್ರಿಟನ್ನಿನಲ್ಲಿ ಪೊಲೀಸ್ ಚಾಲಕರ ತರಬೇತಿಯಲ್ಲಿ ಇದನ್ನು ಕಡ್ಡಾಯವಾಗಿ ಕಲಿಸುತ್ತಾರೆ. ಆ ಜಾಗ ನಿಮ್ಮಷ್ಟೇ ವೇಗದಲ್ಲಿ ಮುಂದೆ ಸರಿಯುತ್ತಿದ್ದರೆ ತಿರುವು ಒಂದೇ ಸಮನಾಗಿದೆ, ದೂರ ಓಡುತ್ತಿದ್ದರೆ ಬಿಚ್ಚಿಕೊಳ್ಳುತ್ತಿದೆ, ನಿಂತುಬಿಟ್ಟು ನಿಮ್ಮ ಕಡೆಗೇ ಬರುತ್ತಿರುವಂತೆ ಕಂಡರೆ ಬಿಗಿಯಾಗುತ್ತಿದೆ. ಆ ಜಾಗದೊಳಗೆ ವಾಹನ ನಿಲ್ಲುವಷ್ಟು ವೇಗ ಇರಬೇಕು. ಒಂಟಿ ಪಥದ ಕಿರಿದಾದ ರಸ್ತೆಯಲ್ಲಿ ಎದುರಿನವರೂ ನಿಲ್ಲಬೇಕಾದ್ದರಿಂದ ಅದರ ಅರ್ಧದೊಳಗೆ.

ಸ್ಪರ್ಶಬಿಂದುವಿನ ವಾದವನ್ನು ಎಲ್ಲ ಸಂಶೋಧಕರೂ ಒಪ್ಪುತ್ತಾರೆಯೆ?

ಒಪ್ಪುವುದಿಲ್ಲ. ಬ್ರಿಟನ್ನಿನ ಜಾನ್ ವಾನ್ ಮತ್ತು ರಿಚರ್ಡ್ ವಿಲ್ಕಿ ಅವರ ಪ್ರಕಾರ ಚಾಲಕರು ನೋಡುವುದು ಅಂಚನ್ನಲ್ಲ, ತಾವು ಹಾದುಹೋಗಬೇಕೆಂದಿರುವ ದಾರಿಯನ್ನೇ. ಹೆಲ್ಸಿಂಕಿಯ ಓಟೊ ಲಪ್ಪಿ ಕಣ್ಣಿನ ಸೂಕ್ಷ್ಮ ಚಲನೆಯನ್ನು ಆಧಾರವಾಗಿ ಮುಂದಿಡುತ್ತಾರೆ. ಗಾಜಿನ ಮೇಲೆ ನಿಂತಂತೆ ಕಾಣುವ ಸ್ಪರ್ಶಬಿಂದುವಿಗೆ ನೋಟ ಅಂಟಿಕೊಂಡಿದ್ದರೆ ಕಣ್ಣು ಸ್ಥಿರವಾಗಿರಬೇಕಿತ್ತು. ಆದರೆ ಅದು ರಸ್ತೆಯ ಒಂದು ಚೂರನ್ನು ಹಿಡಿದು ಅದರ ಜೊತೆ ಸ್ವಲ್ಪ ಸರಿದು, ಮತ್ತೆ ಮುಂದಕ್ಕೆ ಜಿಗಿದು, ಇನ್ನೊಂದು ಚೂರನ್ನು ಹಿಡಿಯುತ್ತ ಹೋಗುತ್ತದೆ. ಚಲಿಸುವ ರೈಲಿನ ಕಿಟಕಿಯಲ್ಲಿ ಕಂಬಗಳನ್ನು ನೋಡುವವರ ಕಣ್ಣು ಹೀಗೆಯೇ ಕುಣಿಯುತ್ತದೆ. ಜಗಳ ಬೇಗ ತೀರದಿರಲು ಕಾರಣ, ಮುಂದಿನ ದಾರಿಯೂ ಸ್ಪರ್ಶಬಿಂದುವೂ ನೋಟದಲ್ಲಿ ಕೆಲವೇ ಡಿಗ್ರಿಗಳ ಅಂತರದಲ್ಲಿರುವುದು.

ನನಗೆ ದಾರಿಯ ವಾದವೇ ಹೆಚ್ಚು ಒಪ್ಪಿಗೆ. ನಮ್ಮ ಘಟ್ಟಗಳಲ್ಲಿ ಅಂಚು ಎಂಬುದೇ ಮಳೆಗೆ ಕೊಚ್ಚಿಹೋಗಿ, ಹುಲ್ಲು ಕವಿದು ಹರಿದ ಸೀರೆಯ ಸೆರಗಿನಂತಿರುತ್ತದೆ, ಆದರೂ ಜನ ಓಡಿಸುತ್ತಾರೆ. ಕಲಿಯುವವರಿಗೆ ಎರಡರಿಂದಲೂ ಬರುವ ಸೂಚನೆ ಒಂದೇ. ಒಂದೆರಡು ಸೆಕೆಂಡು ಮುಂದೆ, ತಿರುವಿನ ಒಳಗಡೆಗೆ.

ಕಣ್ಣು ಹೋದ ಕಡೆಗೇ ವಾಹನ ಹೋಗುತ್ತದೆ ಎನ್ನುವುದು ನಿಜವೆ?

ಬಹಳ ಮಟ್ಟಿಗೆ ನಿಜ. ಚಾಲಕರಿಗೆ ಒಂದು ಕಡೆ ದಿಟ್ಟಿಸಿ ನೋಡಲು ಹೇಳಿದಾಗ ವಾಹನ ಅವರಿಗೆ ಅರಿವಿಲ್ಲದೆ ಅತ್ತ ವಾಲುವುದನ್ನು ವಿಲ್ಕಿ ಮತ್ತು ಸಂಗಡಿಗರು ತೋರಿಸಿದ್ದಾರೆ. ಬೈಕಿನವರಿಗೆ ಇದು ಇನ್ನೂ ತೀವ್ರ. ಗುಂಡಿಯನ್ನು ತಪ್ಪಿಸಬೇಕೆಂದು ಗುಂಡಿಯನ್ನೇ ನೋಡುತ್ತ ಹೋದವರು ಅದರಲ್ಲೇ ಇಳಿಯುತ್ತಾರೆ. ಗುಂಡಿಯನ್ನು ಒಮ್ಮೆ ನೋಡಿ, ನಂತರ ಅದರ ಪಕ್ಕದ ಒಳ್ಳೆಯ ಡಾಂಬರನ್ನು ನೋಡಿ.

ರೇಸಿನ ಚಾಲಕರೂ ಹೀಗೆಯೇ ನೋಡುತ್ತಾರೆಯೆ?

ಲ್ಯಾಂಡ್ ಮತ್ತು ಬೆಂಜಮಿನ್ ಟ್ಯಾಟ್ಲರ್ ಇಂಗ್ಲೆಂಡಿನ ಮ್ಯಾಲರಿ ಪಾರ್ಕ್ ಟ್ರ್ಯಾಕಿನಲ್ಲಿ ರೇಸ್ ಚಾಲಕ ಟೋಮಾಸ್ ಷೆಕ್ಟರ್ ಅವರ ಕಣ್ಣು ಮತ್ತು ತಲೆಯ ಚಲನೆಯನ್ನು ದಾಖಲಿಸಿ 2001ರಲ್ಲಿ ವರದಿ ಮಾಡಿದರು. ಅವರ ನೋಟ ಸ್ಪರ್ಶಬಿಂದುವಿನ ಆಸುಪಾಸಿನಲ್ಲೇ ಇತ್ತು, ಆದರೆ ಅಲ್ಲಿಗೆ ತಿರುಗುತ್ತಿದ್ದುದು ಮುಖ್ಯವಾಗಿ ತಲೆ. ತಲೆ ಈಗ ಎಷ್ಟು ಹೊರಳಿದೆಯೋ ಸುಮಾರು ಒಂದು ಸೆಕೆಂಡಿನ ನಂತರ ಕಾರು ಅದಕ್ಕೆ ತಕ್ಕ ರಭಸದಲ್ಲಿ ತಿರುಗುತ್ತಿತ್ತು. ಟ್ರ್ಯಾಕು ಅವರಿಗೆ ಬಾಯಿಪಾಠವಾಗಿದ್ದುದೂ ಇದಕ್ಕೆ ಕಾರಣ.

ಪಕ್ಕದಲ್ಲಿ ಕೂತವರಿಗೆ ವಾಂತಿ ಬರುತ್ತದೆ, ಓಡಿಸುವವರಿಗೆ ಏಕೆ ಇಲ್ಲ?

ಓಡಿಸುವವರು ತಿರುವು ಬರುವ ಮೊದಲೇ ತಿರುವನ್ನು ನೋಡಿ, ತಲೆಯನ್ನು ಅದರ ಒಳಗಡೆಗೆ ವಾಲಿಸಿರುತ್ತಾರೆ. ಪಕ್ಕದವರ ತಲೆ ತಿರುವು ಬಂದ ಮೇಲೆ ಹೊರಗಡೆಗೆ ಎಸೆದಂತೆ ವಾಲುತ್ತದೆ. ಒಳಕಿವಿಗೆ ಸಿಗುವ ಸುದ್ದಿಗೂ ನಿರೀಕ್ಷೆಗೂ ಹೊಂದಿಕೆ ತಪ್ಪಿದಾಗ ಹೊಟ್ಟೆ ತೊಳಸುತ್ತದೆ. ಮೊಬೈಲು ನೋಡುತ್ತ ಕೂತವರ ಪಾಡು ಕೇಳುವುದೇ ಬೇಡ. ನಮ್ಮ ಮನೆಯಲ್ಲಿ ನಿಂಬೆಹಣ್ಣು ಮೂಸುವ ಪದ್ಧತಿ ಇತ್ತು. ಈಗ ಅತ್ತಿಗೆಯವರನ್ನು ಮುಂದಿನ ಸೀಟಿಗೆ ಕೂರಿಸಿ, ಪ್ರತಿ ತಿರುವಿಗೂ ಮುಂಚೆ ಅದು ಎಡಕ್ಕೋ ಬಲಕ್ಕೋ ಎಂದು ಅವರೇ ಹೇಳುವಂತೆ ಮಾಡುತ್ತೇವೆ. ಮೊಲೆಮ್‌ನಿಂದ ರಾಮನಗರದವರೆಗೆ ನಿಂಬೆಹಣ್ಣು ಚೀಲದಲ್ಲೇ ಉಳಿಯುತ್ತದೆ.